ಹಳ್ಳಿ ಮನೆಯಲ್ಲಿ ವರ್ಕ್‌ಶಾಪ್: ಹಳೇ ಕೊಟ್ಟಿಗೆ ಸಾಕಾ, ಹೊಸದು ಕಟ್ಟಬೇಕಾ?

ಹುಲೇಕಲ್ ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ತಾಲೂಕು, ಹುಲೇಕಲ್ ಕಡೆ. ಅಡಿಕೆ ತೋಟ, ಸ್ವಲ್ಪ ಬಾಳೆ, ಕಾಳುಮೆಣಸು. ಹುಬ್ಬಳ್ಳಿಯಲ್ಲಿ ಕೆಲಸ ಮಾಡಿಕೊಂಡಿದ್ದೆ, ಈಗ ಊರಿಗೇ ಬಂದು ನಿಂತಿದ್ದೇನೆ. ಇಲ್ಲಿ ಏನು ಕೆಟ್ಟರೂ ಪೇಟೆಗೆ ಹೊತ್ತುಕೊಂಡು ಹೋಗಬೇಕು. ಹುಲ್ಲು ಕತ್ತರಿಸುವ ಮಷಿನ್ ಇರಲಿ, ಪಂಪಿನ ಫುಟ್‌ವಾಲ್ವ್ ಇರಲಿ, ಗೇಟಿನ ಕೀಲು ಇರಲಿ, ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಮರಗೆಲಸ ಅಂದರೆ ನನಗೆ ಚಿಕ್ಕಂದಿನಿಂದ ಆಸೆ ಬೇರೆ. ಹಾಗಾಗಿ ಮನೆ ಹತ್ತಿರ ಒಂದು ಸರಿಯಾದ ವರ್ಕ್‌ಶಾಪ್ ಮಾಡಿಕೊಳ್ಳಬೇಕು ಅಂತ ಇದ್ದೇನೆ.

ಜಾಗಕ್ಕೆ ಎರಡು ದಾರಿ ಇದೆ. ಒಂದು, ಮನೆ ಹಿಂದಿನ ಹಳೇ ಕೊಟ್ಟಿಗೆ. ಸುಮಾರು 22 ಅಡಿ ಉದ್ದ, 14 ಅಡಿ ಅಗಲ. ಸೊಂಟದ ಎತ್ತರಕ್ಕೆ ಕೆಂಪುಕಲ್ಲಿನ ಗೋಡೆ, ಅದರ ಮೇಲೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹೊಡೆದಿದ್ದಾರೆ, ಮೇಲೆ ಹಂಚು. ದನ ಕಟ್ಟುವುದು ನಿಲ್ಲಿಸಿ ಕೆಲವು ವರ್ಷ ಆಯಿತು. ಮಾಡು (ಛಾವಣಿ) ಗಟ್ಟಿ ಇದೆ, ಆದರೆ ಮಂಗಗಳ ಕಾಟಕ್ಕೆ ಹಂಚು ಅಲ್ಲಲ್ಲಿ ಒಡೆದಿದೆ. ಎರಡನೇದು, ಅಂಗಳ ದಾಟಿದ ಮೇಲೆ ಬೆಟ್ಟದ ಅಂಚಿನಲ್ಲಿ ಒಂದು ಸಪಾಟು ಜಾಗ ಇದೆ. ಅಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸಿದರೆ ಬೇಗ ಆಗುತ್ತದೆ ಅಂತ ಒಬ್ಬರು ಹೇಳಿದರು.

ಕರೆಂಟ್ ಮನೆಯ ಮೀಟರಿನಿಂದ ಎಳೆಯಬೇಕು. ಕೊಟ್ಟಿಗೆಗೆ ಸುಮಾರು 60 ಮೀಟರ್ ಆಗುತ್ತದೆ. ಸಂಜೆ ಹೊತ್ತು ನಮ್ಮಲ್ಲಿ ವೋಲ್ಟೇಜ್ 190ಕ್ಕೆ ಇಳಿಯುತ್ತದೆ. 2 ಎಚ್‌ಪಿ ಮೋಟರಿನ ಟೇಬಲ್ ಗರಗಸ ತರಬೇಕು ಅಂತ ಆಸೆ. ಒಂದು ಸಣ್ಣ ವೆಲ್ಡಿಂಗ್ ಮಷಿನ್, ಒಂದು ಡ್ರಿಲ್ ಸ್ಟ್ಯಾಂಡ್ ಕೂಡ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಇಟ್ಟ ಕತ್ತಿಯೇ ತುಕ್ಕು ಹಿಡಿಯುತ್ತದೆ, ಇನ್ನು ಮಷಿನ್ ಗತಿ ಏನು? ಮಾಡಿ ಅನುಭವ ಇರುವವರು ದಯವಿಟ್ಟು ಬರೆಯಿರಿ. ದುಡ್ಡು ಒಮ್ಮೆಲೇ ಹಾಕಲು ಆಗುವುದಿಲ್ಲ, ಹಂತ ಹಂತವಾಗಿ ಮಾಡಬೇಕು. ಮೊದಲು ಯಾವುದು, ಆಮೇಲೆ ಯಾವುದು ಅಂತ ತಿಳಿದರೆ ಸಾಕು.

ಉಳಿ ಸುತ್ತಿಗೆ (ಸಿದ್ದಾಪುರ)

ತಮ್ಮಾ, ಮೊದಲು ಬೆಟ್ಟದ ಮಾತು ಮುಗಿಸಿಬಿಡುತ್ತೇನೆ. ಅದು ಸೊಪ್ಪಿನ ಬೆಟ್ಟ ಆಗಿದ್ದರೆ ಅಲ್ಲಿ ಕಟ್ಟುವ ಯೋಚನೆ ಬಿಡು. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲಿಕ್ಕೆ ಕೊಟ್ಟ ಹಕ್ಕು ಅದು. ಜಾಗ ನಮ್ಮ ಮಾಲ್ಕಿ ಅಲ್ಲ. ಕಂಬ ನಿಲ್ಲಿಸಿದ ಮೇಲೆ ಯಾರಾದರೂ ಅರ್ಜಿ ಕೊಟ್ಟರೆ ಖರ್ಚು ಮಾಡಿದ್ದೆಲ್ಲ ಹೋಯಿತು. ಪಹಣಿ ತೆಗೆದು ಸರ್ವೆ ನಂಬರ್ ನೋಡು. ಕೃಷಿ ಜಮೀನಿನಲ್ಲಿ ಕೃಷಿಗೆ ಬೇಕಾದ ಕಟ್ಟಡ ಕಟ್ಟಲು 1964ರ ಭೂ ಕಂದಾಯ ಕಾಯ್ದೆಯಲ್ಲೇ ಅವಕಾಶ ಇದೆ. ಆದರೆ ನಾಳೆ ಹೊರಗಿನವರ ಕೆಲಸ ತೆಗೆದುಕೊಂಡು ದುಡಿಯಲು ಶುರು ಮಾಡಿದರೆ ಲೆಕ್ಕವೇ ಬೇರೆ, ಆಗ ಎನ್‌ಎ, ಅಂದರೆ ಜಮೀನಿನ ಕೃಷಿಯೇತರ ಪರಿವರ್ತನೆ, ಕೇಳಬಹುದು. ನಿನ್ನ ಉದ್ದೇಶ ಏನು ಅಂತ ಮೊದಲೇ ಪಂಚಾಯತಿಯಲ್ಲಿ ಹೇಳಿ ಕೇಳಿಕೊಂಡರೆ ಒಳ್ಳೆಯದು.

ಈಗ ಕೊಟ್ಟಿಗೆ. ನನ್ನ ಮತ ಕೊಟ್ಟಿಗೆಗೇ. ಮಾಡು ಗಟ್ಟಿ ಇದೆ ಅಂದೆ, ಅಲ್ಲಿಗೆ ಅರ್ಧ ಕೆಲಸ ಆಯಿತು. ಆದರೆ ಕೊಟ್ಟಿಗೆಗೆ ಅದರದ್ದೇ ಒಂದು ರೋಗ ಇರುತ್ತದೆ, ಅದು ಬಹಳ ಜನರಿಗೆ ಗೊತ್ತಾಗುವುದಿಲ್ಲ. ಎಷ್ಟೋ ವರ್ಷ ದನದ ಗಂಜಳ ಕುಡಿದ ನೆಲ ಅದು. ಆ ಉಪ್ಪಿನ ಅಂಶ ನೆಲದಲ್ಲೂ ಗೋಡೆಯ ಕೆಳಗಿನ ಎರಡು ಮೂರು ವರಸೆ ಕಲ್ಲಿನಲ್ಲೂ ಕೂತಿರುತ್ತದೆ. ಬೇಸಿಗೆಯಲ್ಲಿ ಬಿಳಿ ಹಿಟ್ಟಿನ ಹಾಗೆ ಹೊರಗೆ ಬರುತ್ತದೆ, ಮಳೆಗಾಲದಲ್ಲಿ ಗಾಳಿಯ ನೀರನ್ನೇ ಎಳೆದು ಒದ್ದೆ ಆಗುತ್ತದೆ. ಅದರ ಹತ್ತಿರ ಕಬ್ಬಿಣ ಇಟ್ಟರೆ ಬೇರೆ ಕಡೆಗಿಂತ ಬೇಗ ತಿನ್ನುತ್ತದೆ. ಸುಮ್ನೆ ಮೇಲೆ ಸಿಮೆಂಟ್ ಎಳೆದು ಬಿಟ್ಟರೆ ಆ ಉಪ್ಪು ಗೋಡೆಯಲ್ಲಿ ಇನ್ನೂ ಮೇಲಕ್ಕೆ ಹತ್ತುತ್ತದೆ, ಗಾರೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಆದ್ದರಿಂದ ನೆಲ ಅಗೆಯಲೇಬೇಕು. ಒಂದು ಅಡಿ ಮಣ್ಣು ತೆಗೆದು ತೋಟಕ್ಕೆ ಹಾಕು, ಒಳ್ಳೆ ಗೊಬ್ಬರ ಅದು. ಆ ಗುಂಡಿಗೆ ಕೆಂಪುಕಲ್ಲಿನ ಚೂರು ತುಂಬಿ ದಿಮ್ಮಿಸಿ ಬಡಿಸು. ಮೇಲೆ ಜಲ್ಲಿ ಪುಡಿ ಹರಡಿ ಸಪಾಟು ಮಾಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸು. 250 ಮೈಕ್ರಾನ್ ಇರಲಿ, ಅಡಿಕೆ ಒಣಗಿಸುವ ತಾಡಪಾಲು ಬೇಡ, ಅದು ನೀರು ಬಿಡುತ್ತದೆ. ಹಾಳೆಯ ಅಂಚು ಗೋಡೆಗೆ ಅರ್ಧ ಅಡಿ ಮೇಲಕ್ಕೆ ಹತ್ತಿರಬೇಕು, ಜೋಡಿಸುವಲ್ಲಿ ಒಂದರ ಮೇಲೊಂದು ಒಂದು ಅಡಿ ಬರಬೇಕು. ಅದರ ಮೇಲೆ 4 ಇಂಚು ಕಾಂಕ್ರೀಟ್. ಒಳಗಿನ ನೆಲ ಹೊರಗಿನ ಅಂಗಳಕ್ಕಿಂತ ಕನಿಷ್ಠ ಒಂದೂವರೆ ಅಡಿ ಮೇಲಿರಲಿ. ಕೊಟ್ಟಿಗೆ ಅಷ್ಟು ಎತ್ತರ ಇಲ್ಲದಿದ್ದರೆ ಹೊರಗಡೆ ಸುತ್ತ ಗಟಾರ ತೆಗೆದು ನೀರು ಕೆಳಗೆ ಇಳಿಯುವ ಹಾಗೆ ಮಾಡು. ಗುಡ್ಡದ ಕಡೆ ಇರುವ ಗೋಡೆಗೆ ಇದು ಬಹಳ ಮುಖ್ಯ. ಆಷಾಢದಲ್ಲಿ ಗುಡ್ಡದಿಂದ ಒರತೆ ಎಲ್ಲಿ ಹುಟ್ಟುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ.

ಗೋಡೆಯ ಕೆಳಗಿನ ವರಸೆಗೆ ಸುಣ್ಣದ ಗಾರೆ ಹಾಕು, ಸಿಮೆಂಟ್ ಬೇಡ. ಸುಣ್ಣ ಉಸಿರಾಡುತ್ತದೆ. ಉಪ್ಪು ಅದರೊಳಗೆ ಬಂದು ಸೇರುತ್ತದೆ. ನಾಲ್ಕೈದು ವರ್ಷಕ್ಕೆ ಅದನ್ನು ಕೆರೆದು ಹೊಸದು ಹಾಕಿದರೆ ಆಯಿತು, ಕಲ್ಲು ಉಳಿಯುತ್ತದೆ.

ದಬ್ಬೆಯ ಗೋಡೆ ತೆಗೆಯಬೇಡ. ಜನ ಮೊದಲು ಮಾಡುವ ಕೆಲಸ ಅದು, ಎಲ್ಲ ಮುಚ್ಚಿಬಿಡುತ್ತಾರೆ. ಗಾಳಿ ಆಡದ ಕೋಣೆಯಲ್ಲಿ ಬೂಸು ಬರುತ್ತದೆ, ತುಕ್ಕು ಬರುತ್ತದೆ. ಮಳೆ ಹೊಡೆಯುವ ಪಡುವಣ ಮತ್ತು ತೆಂಕಣ ಬದಿ ಮುಚ್ಚು, ಉಳಿದ ಎರಡು ಬದಿ ದಬ್ಬೆ ಇರಲಿ, ಒಳಗಿನಿಂದ ಹಾಕಿ ತೆಗೆಯುವ ಹಲಗೆ ಮಾಡಿಕೋ. ಹಾವು, ಇಲಿ ಬರದ ಹಾಗೆ ಸಣ್ಣ ಕಣ್ಣಿನ ಜಾಳಿಗೆ ಬಡಿ.

ಹಂಚಿನ ವಿಷಯ. ಒಡೆದಿದ್ದನ್ನು ಬದಲಿಸುವಾಗ ಹಳೇ ಹಂಚಿನ ಬೆನ್ನಿನ ಮೇಲೆ ಇರುವ ಮುದ್ರೆ ನೋಡು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಬೇಕಾದಷ್ಟು ಹಂಚಿನ ಕಾರ್ಖಾನೆ ಬಂದವು. ನೋಡಲು ಎಲ್ಲ ಒಂದೇ ಥರ ಇದ್ದರೂ ಒಂದಕ್ಕೊಂದು ಕೂರುವ ಗಾಡಿ, ಅಂದರೆ ತೋಡು, ಸ್ವಲ್ಪ ಬೇರೆ ಬೇರೆ. ಬೇರೆ ಮುದ್ರೆಯದ್ದು ನಡುವೆ ಸೇರಿಸಿದರೆ ಅಲ್ಲೇ ಸೋರುತ್ತದೆ. ಹಳೇ ಮನೆ ಕೆಡವುವ ಕಡೆ ಅದೇ ಮುದ್ರೆಯದ್ದು ಹುಡುಕು. ಸಿಗದಿದ್ದರೆ ಒಂದು ಇಡೀ ಬದಿಗೆ ಒಂದೇ ಥರದ್ದು ಬರುವ ಹಾಗೆ ಜೋಡಿಸಿ, ಉಳಿದಿದ್ದನ್ನು ಇನ್ನೊಂದು ಬದಿಗೆ ಹಾಕು. ಬಡಗಣ ಬದಿಯ ಮಾಡಿನಲ್ಲಿ ನಾಲ್ಕೈದು ಗಾಜಿನ ಹಂಚು ಇಡಿಸು. ಬಡಗಣ ಬೆಳಕು ಉಳಿದ ಬದಿಗಿಂತ ಸಮ ಇರುತ್ತದೆ, ಗೆರೆ ಎಳೆಯುವಾಗ ನೆರಳಿನ ತೊಂದರೆ ಕಮ್ಮಿ.

ಫ್ಯೂಸ್ ಕಟ್ಟುವವ

ಮೇಲಿನ ಹಿರಿಯರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಕರೆಂಟ್ ವಿಷಯ ನಾನು ಹೇಳುತ್ತೇನೆ, ಇದೇ ನನ್ನ ಕೆಲಸ.

60 ಮೀಟರ್ ದೂರ, 190 ವೋಲ್ಟ್, 2 ಎಚ್‌ಪಿ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಸಿಂಗಲ್ ಫೇಸ್ 2 ಎಚ್‌ಪಿ ಮೋಟರ್ ಓಡುವಾಗ 10 ಆಂಪಿಯರ್ ಹತ್ತಿರ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ತಂತಿ ಹೋಗಿ ಬರುವ ದೂರ 120 ಮೀಟರ್. 2.5 ಚದರ ಮಿ.ಮೀ. ತಾಮ್ರದ ತಂತಿ ಹಾಕಿದರೆ ಓಡುವಾಗ ಸುಮಾರು 9 ವೋಲ್ಟ್ ತಂತಿಯಲ್ಲೇ ಹೋಗುತ್ತದೆ. ಅದು ನಡೆಯುತ್ತದೆ ಅನ್ನಿಸಬಹುದು. ಆದರೆ ಶುರುವಾಗುವಾಗ 50 ಆಂಪಿಯರ್ ಅಂತ ಹಿಡಿದರೂ 44 ವೋಲ್ಟ್ ಹೋಯಿತು. 190ರಲ್ಲಿ 44 ಕಳೆದರೆ ಮೋಟರಿಗೆ ಸಿಗುವುದು 146. ಗುಂಯ್ ಅಂತ ಕೂಗುತ್ತದೆ, ತಿರುಗುವುದಿಲ್ಲ. ಎರಡು ಮೂರು ಸಲ ಹಾಗೆ ಮಾಡಿದರೆ ಕೆಪಾಸಿಟರ್ ಹೋಗುತ್ತದೆ, ಆಮೇಲೆ ವೈಂಡಿಂಗ್ ಸುಡುತ್ತದೆ. ಹಳ್ಳಿಗಳಲ್ಲಿ ಸುಟ್ಟ ಮೋಟರ್ ಬಿಚ್ಚಿದಾಗೆಲ್ಲ ನಾನು ಮೊದಲು ಕೇಳುವುದು ತಂತಿ ಎಷ್ಟು ದಪ್ಪ, ಎಷ್ಟು ದೂರ ಅಂತ.

6 ಚದರ ಮಿ.ಮೀ. ಹಾಕಿದರೆ ಅದೇ 50 ಆಂಪಿಯರ್‌ಗೆ 18 ವೋಲ್ಟ್ ಮಾತ್ರ ಕಳೆಯುತ್ತದೆ. 10 ಹಾಕಿದರೆ 11. ನಾನು ಕನಿಷ್ಠ 6 ಅನ್ನುತ್ತೇನೆ, ಕೈಯಲ್ಲಿ ಆದರೆ 10. ಒಮ್ಮೆ ಹೂತ ಕೇಬಲ್ ಮತ್ತೆ ತೆಗೆಯುವವರು ಯಾರೂ ಇಲ್ಲ. ಇದರಲ್ಲಿ ಉಳಿಸಲು ಹೋಗಬೇಡಿ, ಬೇಕಾದರೆ ಟೇಬಲ್ ಗರಗಸವನ್ನು ಒಂದು ವರ್ಷ ಮುಂದೆ ಹಾಕಿ. ಮೀಟರಿಗೆ ಮಂಜೂರಾದ ಲೋಡ್ ಎಷ್ಟು ಅಂತ ಬಿಲ್ಲಿನಲ್ಲಿ ನೋಡಿ. ಕಮ್ಮಿ ಇದ್ದರೆ ಹೆಸ್ಕಾಂ ಕಚೇರಿಗೆ ಹೋಗಿ ಹೆಚ್ಚಿಸಿಕೊಳ್ಳಿ.

ಕೇಬಲ್ ಮೇಲಿಂದ ಎಳೆಯಬೇಡಿ. ತೋಟದ ಅಂಚಿನಲ್ಲಿ ಮೇಲಿಂದ ಎಳೆದರೆ ಒಂದು ಹಸಿ ಸೋಗೆ ಬಿದ್ದರೆ ಸಾಕು, ಹರಿಯುತ್ತದೆ. ಆರ್ಮರ್ಡ್ ಕೇಬಲ್ (ಉಕ್ಕಿನ ಕವಚ ಇರುವುದು) ತಂದು ಎರಡೂವರೆ ಅಡಿ ಆಳಕ್ಕೆ ಹೂಳಿ. ಕೆಳಗೆ ಮೇಲೆ ಮರಳು, ಅದರ ಮೇಲೆ ಒಂದು ಸಾಲು ಇಟ್ಟಿಗೆ ಅಥವಾ ಕಲ್ಲಿನ ಚಪ್ಪಡಿ. ಮುಂದೆ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಕಲ್ಲು ಸಿಗುತ್ತದೆ. ಹೂತ ದಾರಿಯ ಒಂದು ಚಿತ್ರ ಬರೆದು ಮನೆಯಲ್ಲಿ ಇಟ್ಟುಕೊಳ್ಳಿ.

ಅರ್ಥಿಂಗ್ ಕೊಟ್ಟಿಗೆಯ ಹತ್ತಿರವೇ ಬೇರೆ ಮಾಡಿಸಿ. ನಮ್ಮ ಕೆಂಪುಕಲ್ಲಿನ ನೆಲದಲ್ಲಿ ಇದು ಸುಲಭ ಅಲ್ಲ. ಮಳೆಗಾಲದಲ್ಲಿ ಎಲ್ಲ ಚೆನ್ನಾಗಿರುತ್ತದೆ, ಏಪ್ರಿಲ್‌ನಲ್ಲಿ ನೆಲ ಒಣಗಿದ ಮೇಲೆ ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ಬಚ್ಚಲ ನೀರು ಅಥವಾ ಬಾಳೆಯ ಬುಡದ ತೇವ ಸಿಗುವ ಜಾಗ ಹುಡುಕಿ ಅಲ್ಲಿ ಗುಂಡಿ ತೆಗೆಸಿ. ಕೆಲಸದವರ ಹತ್ತಿರ ಅರ್ಥ್ ಟೆಸ್ಟರ್ ಇರಲಿ, ಬೇಸಿಗೆಯಲ್ಲಿ ಅಳೆಸಿ. ಜೊತೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್) ಬೇಕೇ ಬೇಕು. ಒದ್ದೆ ಕಾಲಲ್ಲಿ ಕಬ್ಬಿಣದ ಮಷಿನ್ ಮುಟ್ಟುವ ಜಾಗ ಇದು. ಎಂಸಿಬಿ (ಲೋಡ್ ಜಾಸ್ತಿ ಆದರೆ ಬೀಳುವ ಸ್ವಿಚ್) ತಂತಿಯನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ.

ಇನ್ನೊಂದು. ತೋಟದ ಪಂಪ್‌ಸೆಟ್ಟಿಗೆ ಬಂದ ತ್ರೀ ಫೇಸ್‌ನಿಂದ ವರ್ಕ್‌ಶಾಪಿಗೆ ಎಳೆಯಲು ಯಾರಾದರೂ ಹೇಳಿದರೆ ಕೇಳಬೇಡಿ. ಅದು ನೀರಾವರಿಗೆ ಕೊಟ್ಟಿದ್ದು, ಬೇರೆ ಕೆಲಸಕ್ಕೆ ಬಳಸಿದರೆ ಕೇಸು. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿನ ದಿನಗಳಲ್ಲಿ ಕೆಲಸ ಮುಗಿದ ಕೂಡಲೇ ಮೇನ್ ತೆಗೆಯಿರಿ, ದೊಡ್ಡ ಮಷಿನಿನ ಪ್ಲಗ್ಗನ್ನೂ ಕಿತ್ತು ಬಿಡಿ.

ಕಾಳಿ ದಂಡೆ (ಕಾರವಾರ)

ಘಟ್ಟದ ಮೇಲಿನವರಿಗೆ ತೇವ ಮಾತ್ರ. ನಮಗೆ ತೇವದ ಜೊತೆಗೆ ಉಪ್ಪು. ಈ ಚರ್ಚೆಯನ್ನು ಕರಾವಳಿಯವರೂ ಓದುತ್ತಾರೆ ಅಂತ ಬರೆಯುತ್ತಿದ್ದೇನೆ.

ಸಮುದ್ರದಿಂದ ಒಂದೆರಡು ಕಿಲೋಮೀಟರ್ ಒಳಗೆ ಇರುವವರು ಕಬ್ಬಿಣದ ಕಂಬ, ಕಬ್ಬಿಣದ ಟ್ರಸ್ ಹಾಕಿ ಶೆಡ್ ಮಾಡುವ ಮುಂಚೆ ಎರಡು ಸಲ ಯೋಚನೆ ಮಾಡಿ ಮಾರಾಯ್ರೆ. ವೆಲ್ಡಿಂಗ್ ಮಾಡಿದ ಜಾಗದಿಂದ ತುಕ್ಕು ಶುರುವಾಗುತ್ತದೆ, ಬಣ್ಣದ ಅಡಿಯಲ್ಲೇ ಹರಡುತ್ತದೆ. ಮಾಡಲೇಬೇಕು ಅಂತಿದ್ದರೆ ಸತುವಿನ ಕಲಾಯಿ ಮಾಡಿದ ಪೈಪ್ ತಂದು ಬೋಲ್ಟ್ ಹಾಕಿ ಜೋಡಿಸಿ, ವೆಲ್ಡ್ ಆದಷ್ಟು ಕಮ್ಮಿ ಮಾಡಿ. ನನ್ನ ಮನಸ್ಸಿಗೆ ಬಂದಿದ್ದು ಚಿರೆಕಲ್ಲಿನ (ಕೆಂಪುಕಲ್ಲಿನ) ಕಂಬ, ಮರದ ತೊಲೆ, ಹಂಚು. ನಮ್ಮ ಕಡೆ ಚಿರೆಕಲ್ಲಿಗೆ ಬರ ಇಲ್ಲ. ನಮ್ಮ ವರ್ಕ್‌ಶಾಪ್ ಹಾಗೇ ಇದೆ.

ಶೀಟು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮಂಗಗಳಿಗೆ ಅದು ಜಗ್ಗುವುದಿಲ್ಲ, ಬೇಗ ಆಗುತ್ತದೆ. ಆದರೆ ಜುಲೈನಲ್ಲಿ ಶೀಟಿನ ಅಡಿಯಲ್ಲಿ ನಿಂತು ಪಕ್ಕದವರ ಹತ್ತಿರ ಮಾತಾಡಲು ಆಗುವುದಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಬೆವರು. ರಾತ್ರಿ ಶೀಟು ತಣ್ಣಗಾದ ಮೇಲೆ ಒಳಗಿನ ತೇವದ ಗಾಳಿ ಅದಕ್ಕೆ ತಾಗಿ ನೀರಾಗುತ್ತದೆ. ಬೆಳಿಗ್ಗೆ ನೋಡಿದರೆ ಮಷಿನ್ ಮೇಲೆ ಹನಿ. ಮಾಡು ಎಲ್ಲೂ ಸೋರಿಲ್ಲ, ಆದರೂ ನೀರು. ಶೀಟು ಹಾಕುವವರು ಕೆಳಗೆ ಒಂದು ಪದರ ಹಲಗೆಯನ್ನೋ ಶಾಖ ತಡೆಯುವ ಹಾಳೆಯನ್ನೋ ಕೊಡಲೇಬೇಕು, ನಡುವೆ ಗಾಳಿ ಆಡುವ ಸಂದು ಬಿಡಬೇಕು. ಹಂಚಿಗೆ ಈ ತೊಂದರೆ ಇಲ್ಲ, ಸಂದಿನಿಂದ ಗಾಳಿ ಆಡುತ್ತದೆ, ಹಂಚು ಸ್ವಲ್ಪ ತೇವ ಹೀರಿಕೊಳ್ಳುತ್ತದೆ. ಆದರೆ ಮಾಡಿನ ಇಳಿಜಾರು 30 ಡಿಗ್ರಿಗಿಂತ ಕಮ್ಮಿ ಇರಬಾರದು. ಗಾಳಿ ಮಳೆಗೆ ನೀರು ಹಿಂದಕ್ಕೆ ನುಗ್ಗುತ್ತದೆ. ಮಾಡಿನ ಅಂಚು ಗೋಡೆಯಿಂದ ಮೂರು ಅಡಿ ಹೊರಗೆ ಬರಲಿ. ಪಡುವಣ ಬದಿಗೆ ಮಳೆ ಹಿಡಿಯುವ ಮುಂಚೆ ತೆಂಗಿನ ಮಡಲಿನ ತಟ್ಟಿ ಕಟ್ಟುವ ಪದ್ಧತಿ ನಮ್ಮ ಹಿರಿಯರದ್ದು, ಅದಕ್ಕಿಂತ ಅಗ್ಗದ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ಒರಲೆಗೆ (ಗೆದ್ದಲಿಗೆ) ಗೇರು ಎಣ್ಣೆ. ಅಂದರೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. ದೋಣಿಗಳಿಗೆ, ಕಂಬದ ಬುಡಕ್ಕೆ ಹಚ್ಚುತ್ತಿದ್ದದ್ದು ಇದನ್ನೇ. ಪಕಾಸು, ರೀಪಿಗೆ (ಹಂಚು ಹೊರುವ ಮರದ ಪಟ್ಟಿಗಳಿಗೆ) ಎರಡು ಕೈ ಹಚ್ಚಿ. ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಬರುತ್ತದೆ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಮುಟ್ಟಬೇಡಿ.

ಕರಾವಳಿಯವರಿಗೆ ಇನ್ನೊಂದು ಮಾತು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ಕಟ್ಟುಪಾಡು) ಅಂದರೆ ಸಮುದ್ರದ ದಂಡೆಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಉಬ್ಬರದ ನೀರು ಹತ್ತುವ ಹೊಳೆಯ ದಂಡೆಗೂ ಅದು ಬರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಈ ನಾಲ್ಕರಲ್ಲೂ ಉಪ್ಪುನೀರು ಒಳಗೆ ಬಹಳ ದೂರ ಹೋಗುತ್ತದೆ. ಹೊಳೆ ಬದಿಯ ಗದ್ದೆ, ತೋಟದಲ್ಲಿ ಕಟ್ಟುವವರು ಮೊದಲು ನಕ್ಷೆ ನೋಡಿ.

ಹುಲೇಕಲ್ ಕಡೆಯವ

ಇಷ್ಟು ಬಿಡಿಸಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಹಣಿ ನೋಡಿದೆ. ಆ ಸಪಾಟು ಜಾಗ ಬೆಟ್ಟದ ನಂಬರಿನಲ್ಲೇ ಇದೆ. ಹಾಗಾಗಿ ಕೊಟ್ಟಿಗೆಯೇ ಅಂತ ನಿಶ್ಚಯ ಆಯಿತು. ಕೇಬಲ್ 10 ಚದರ ಮಿ.ಮೀ. ಹಾಕಿಸುತ್ತೇನೆ.

ಎರಡು ಪ್ರಶ್ನೆ ಉಳಿದಿದೆ. ಒಂದು, ಮನೆ ಪಕ್ಕದ ನಮ್ಮ ಮಾಲ್ಕಿ ಜಾಗದಲ್ಲಿ ಒಂದು ದೊಡ್ಡ ಹಲಸಿನ ಮರ ಗಾಳಿಗೆ ಬಿದ್ದಿದೆ. ಅದನ್ನೇ ಬೆಂಚಿಗೆ, ಕಪಾಟಿಗೆ ಬಳಸಬಹುದಾ? ಮನೆಯಲ್ಲೇ ಸೀಳಲು ಒಂದು ಮಷಿನ್ ಬಾಡಿಗೆಗೆ ತರಬಹುದಾ? ಎರಡು, ಕೊಟ್ಟಿಗೆಯ ಒಂದು ಮೂಲೆಯಲ್ಲಿ ಈಗ ಗೊಬ್ಬರದ ಚೀಲ, ಮೈಲುತುತ್ತ, ಸುಣ್ಣ, ದೋಟಿ, ಎಲ್ಲ ಇದೆ. ಅದು ಅಲ್ಲೇ ಇರಲಾ?

ಬನವಾಸಿ ರಸ್ತೆ ಅಕ್ಕ

ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಇಲ್ಲ, ಇರಕೂಡದು. ಇವತ್ತೇ ತೆಗೆಯಿರಿ.

ನಾನು ತೋಟದ ಮಷಿನ್‌ಗಳ ರಿಪೇರಿ ಮಾಡುತ್ತೇನೆ, ಮನೆಯ ಪಕ್ಕದ ಶೆಡ್ಡಿನಲ್ಲೇ. ಮೈಲುತುತ್ತ ಕಬ್ಬಿಣಕ್ಕೆ ಶತ್ರು. ಅಡಿಕೆಗೆ ಕೊಳೆ ರೋಗದ ಔಷಧ ಹೊಡೆಯುವ ಕಾಲದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸುತ್ತೇವಲ್ಲ, ಆಗ ಪ್ಲಾಸ್ಟಿಕ್ ಡ್ರಮ್ಮೇ ಯಾಕೆ ಬಳಸುತ್ತೇವೆ? ಕಬ್ಬಿಣದ ಡ್ರಮ್ ಅದನ್ನು ತಾಳುವುದಿಲ್ಲ, ದ್ರಾವಣವೂ ಕೆಡುತ್ತದೆ. ಒದ್ದೆ ಗಾಳಿಯಲ್ಲಿ ಅದರ ಪುಡಿ ಹಾರಿ ಉಳಿಯ ಮೇಲೋ ವೈಸಿನ ಮೇಲೋ ಕೂತರೆ ಅಲ್ಲೇ ಗುಳಿ ಬೀಳುತ್ತದೆ, ಬರೀ ಮೇಲಿನ ತುಕ್ಕಲ್ಲ ಅದು. ಪೊಟ್ಯಾಷ್ ಕೂಡ ಹಾಗೇ, ಉಪ್ಪಿನ ಜಾತಿ, ನೀರು ಎಳೆಯುತ್ತದೆ. ಇವಕ್ಕೆಲ್ಲ ಬೇರೆ ಚಪ್ಪರ ಮಾಡಿ. ಸ್ಪ್ರೇ ಪಂಪಿನ ರಿಪೇರಿ ಇದ್ದರೂ ಹೊರಗೇ ತೊಳೆದು ಆಮೇಲೆ ಒಳಗೆ ತನ್ನಿ.

ವೆಲ್ಡಿಂಗ್ ಒಳಗೆ ಮಾಡಬೇಡಿ. ನೀವು ಮರಗೆಲಸವನ್ನೂ ಮಾಡುತ್ತೀರಿ, ನೆಲದಲ್ಲಿ, ದಬ್ಬೆಯ ಸಂದಿನಲ್ಲಿ ಮರದ ಹೊಟ್ಟು ಇದ್ದೇ ಇರುತ್ತದೆ. ಕಿಡಿ ಬಿದ್ದ ಕೂಡಲೇ ಉರಿಯುವುದಿಲ್ಲ, ಒಳಗೊಳಗೇ ಹೊಗೆಯಾಡಿ ನೀವು ಊಟಕ್ಕೆ ಹೋದ ಮೇಲೆ ಹತ್ತಿಕೊಳ್ಳುತ್ತದೆ. ಒಣ ದಬ್ಬೆಯ ಗೋಡೆ ಬೇರೆ. ಮಾಡನ್ನು ಒಂದು ಬದಿಗೆ ಎಂಟು ಅಡಿ ಮುಂದೆ ಇಳಿಸಿ ಜಗಲಿ ಮಾಡಿ, ವೆಲ್ಡಿಂಗ್, ಗ್ರೈಂಡಿಂಗ್ ಎಲ್ಲ ಅಲ್ಲಿ. ಆ ಬದಿಯ ಗೋಡೆ ಮಾತ್ರ ಪೂರ್ತಿ ಕಲ್ಲಿನದ್ದು ಇರಲಿ. ಗ್ರೈಂಡರಿನ ಕಬ್ಬಿಣದ ಪುಡಿ ಮರದ ಮೇಲೆ ಬಿದ್ದರೂ ತೊಂದರೆ. ಹಲಸು, ಸಾಗವಾನಿ ಮೇಲೆ ತೇವ ತಾಗಿದರೆ ಕಪ್ಪು ಚುಕ್ಕೆ ಏಳುತ್ತದೆ, ಹೋಗುವುದಿಲ್ಲ.

ಬಾಗಿಲು ಎರಡು ರೆಕ್ಕೆಯದ್ದು ಮಾಡಿಸಿ, ತೆರೆದಾಗ ಕನಿಷ್ಠ ಐದು ಅಡಿ ಸಿಗಬೇಕು. ಮೆಟ್ಟಿಲು ಬೇಡ, ಇಳಿಜಾರು ಮಾಡಿ. ಅಡಿಕೆ ಸುಲಿಯುವ ಮಷಿನ್ ಒಮ್ಮೆ ಒಳಗೆ ತರಬೇಕಾದಾಗ ನಿಮಗೇ ಗೊತ್ತಾಗುತ್ತದೆ.

ಪೆಟ್ರೋಲ್ ಒಳಗೆ ಇಡಬೇಡಿ. ಹುಲ್ಲಿನ ಮಷಿನ್ ಕೆಲಸ ಮುಗಿದು ಕೆಲವು ವಾರ ಮೂಲೆಗೆ ಹೋಗುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಅದಾಗಿಯೇ ನಿಲ್ಲುವವರೆಗೆ ಓಡಿಸಿ ಇಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ಗಾಳಿಯ ನೀರು ಎಳೆಯುತ್ತದೆ. ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ಮಷಿನ್‌ಗಳಲ್ಲಿ ಜಾಸ್ತಿ ಕಾರ್ಬುರೇಟರ್ ಕಟ್ಟಿಕೊಂಡಿದ್ದೇ.

ತುಕ್ಕಿಗೆ ನಾನು ಮಾಡುವುದು ಹೇಳುತ್ತೇನೆ. ಕೈ ಉಪಕರಣ ಎಲ್ಲ ಬಾಗಿಲು ಸರಿಯಾಗಿ ಮುಚ್ಚುವ ಒಂದು ಮರದ ಕಪಾಟಿನಲ್ಲಿ. ಅದರ ಕೆಳಗೆ ಒಂದು ಹಳೇ ಕಾಲದ 40 ವ್ಯಾಟಿನ ಬಲ್ಬ್, ಸುತ್ತ ತಗಡಿನ ಗೂಡು. ಎಲ್‌ಇಡಿ ಆಗುವುದಿಲ್ಲ, ನಮಗೆ ಬೇಕಾದ್ದು ಶಾಖ. ಒಳಗೆ ಹೊರಗಿಗಿಂತ ಸ್ವಲ್ಪ ಬಿಸಿ ಇದ್ದರೆ ಸಾಕು, ಕಬ್ಬಿಣದ ಮೇಲೆ ತೇವ ಕೂರುವುದಿಲ್ಲ. ದೊಡ್ಡ ಮಷಿನಿನ ಎರಕದ ಟೇಬಲ್ ಮೇಲೆ ಜೇನುಮೇಣ ತಿಕ್ಕಿ, ಮೇಲೆ ಹಳೇ ಹತ್ತಿ ಬಟ್ಟೆ ಹೊದೆಸಿ. ಪ್ಲಾಸ್ಟಿಕ್ ಹೊದೆಸಬೇಡಿ, ಅದರ ಒಳಗೇ ಬೆವರುತ್ತದೆ. ಉಳಿ, ಗರಗಸಕ್ಕೆ ಹೊಲಿಗೆ ಮಷಿನ್ ಎಣ್ಣೆ. ತೆಂಗಿನೆಣ್ಣೆ ಹಚ್ಚುವವರಿದ್ದಾರೆ, ದಿನ ಕಳೆದ ಹಾಗೆ ಅಂಟಾಗಿ ಧೂಳು ಹಿಡಿಯುತ್ತದೆ, ನನಗೆ ಸರಿ ಬರಲಿಲ್ಲ.

ಉಳಿ ಸುತ್ತಿಗೆ (ಸಿದ್ದಾಪುರ)

ಅಕ್ಕ ಹೇಳಿದ್ದು ಎಲ್ಲ ಸರಿ. ಹಲಸಿನ ಬಗ್ಗೆ ನಾನು ಹೇಳುತ್ತೇನೆ.

ಹಲಸು ಒಳ್ಳೆ ಮರ ತಮ್ಮಾ. ನಮ್ಮ ಕಡೆ ಬಾಗಿಲು, ಪೆಟ್ಟಿಗೆ, ದೇವರ ಮಂಟಪ, ಎಲ್ಲದಕ್ಕೂ ಬಂದಿದೆ. ತಿರುಳು ಹಳದಿ ಇದ್ದದ್ದು ವರ್ಷ ಕಳೆದ ಹಾಗೆ ಕಂದಾಗುತ್ತದೆ, ತಿರುಳನ್ನು ಒರಲೆ ಬೇಗ ಮುಟ್ಟುವುದಿಲ್ಲ. ಹೊರಗಿನ ಬಿಳಿ ಭಾಗ ಮಾತ್ರ ಕುಟ್ಟೆ (ಮರ ಕೊರೆಯುವ ಹುಳು) ಹಿಡಿಯುತ್ತದೆ, ಅದನ್ನು ತೆಗೆದುಬಿಡಬೇಕು.

ಬಿದ್ದ ಮರ, ನಮ್ಮದೇ ಜಾಗ, ಆದರೂ ಸಾಗಿಸುವ ಮುಂಚೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳು. ಮರ ಕಡಿಯಲಿಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಸಾಗಿಸಲಿಕ್ಕೆ ಪಾಸಿನ ನಿಯಮ ಇದೆ. ರಸ್ತೆಯಲ್ಲಿ ಗಾಡಿ ನಿಲ್ಲಿಸಿದಾಗ ಕಾಗದ ಕೈಯಲ್ಲಿದ್ದರೆ ಯಾರೂ ಏನೂ ಅನ್ನುವುದಿಲ್ಲ. ದಿಮ್ಮಿ ಸೀಳುವ ಮಷಿನ್ ಮನೆಗೆ ತರುವುದು ಬೇಡ. ಅದು ಸಾಮಿಲ್ ಪರವಾನಗಿಯ ವ್ಯವಹಾರಕ್ಕೆ ಹೋಗಿ ಮುಟ್ಟುತ್ತದೆ. ಪರವಾನಗಿ ಇರುವ ಮಿಲ್ಲಿಗೇ ಹಾಕಿ ಸೀಳಿಸಿ ತಾ.

ಸೀಳಿಸುವಾಗ ಬೆಂಚಿನ ಮೇಲ್ಭಾಗಕ್ಕೆ ಎರಡೂವರೆ ಇಂಚು, ಕಾಲಿಗೆ ನಾಲ್ಕು ಇಂಚಿನ ಚೌಕ, ಕಪಾಟಿಗೆ ಒಂದು ಇಂಚಿನ ಹಲಗೆ ಹೇಳು. ತಂದ ದಿನವೇ ಹಲಗೆಯ ಎರಡೂ ತುದಿಗೆ ಎಣ್ಣೆ ಬಣ್ಣ ಬಳಿ, ಇಲ್ಲದಿದ್ದರೆ ತುದಿಯಿಂದ ಬೇಗ ನೀರು ಹೋಗಿ ಸೀಳು ಬಿಡುತ್ತದೆ. ನೆಲದಿಂದ ಒಂದೂವರೆ ಅಡಿ ಮೇಲೆ, ನೆರಳಲ್ಲಿ, ಪ್ರತಿ ಹಲಗೆಯ ನಡುವೆ ಒಂದೇ ದಪ್ಪದ ರೀಪು ಕೊಟ್ಟು ಪೇರಿಸು. ರೀಪು ಎಲ್ಲ ಒಂದರ ಮೇಲೊಂದು ನೇರ ಬರಬೇಕು, ಓರೆ ಆದರೆ ಹಲಗೆ ಡೊಂಕಾಗುತ್ತದೆ. ಮೇಲೆ ಕಲ್ಲಿನ ಭಾರ ಇಡು. ಒಂದು ಇಂಚಿಗೆ ಒಂದು ವರ್ಷ ಅಂತ ಹಿರಿಯರ ಲೆಕ್ಕ. ಅಡಿಕೆ ಅಟ್ಟದ ಮೇಲೆ ಹೊಗೆ ತಾಗುವಲ್ಲಿ ಇಟ್ಟರೆ ಇನ್ನೂ ಬೇಗ ಒಣಗುತ್ತದೆ, ಕುಟ್ಟೆಯೂ ಬರುವುದಿಲ್ಲ.

ಇಲ್ಲಿ ಒಂದು ಸಂಗತಿ ಚೆನ್ನಾಗಿ ತಿಳಿದುಕೋ, ಮರಗೆಲಸ ಮಾಡುವವನಿಗೆ ಇದು ಬೇಕೇ ಬೇಕು. ಆಷಾಢದಲ್ಲಿ ಗಾಳಿಯ ತೇವ 90 ಶೇಕಡಾ ಇರುವಾಗ ಮರ ತನ್ನ ತೂಕದ 20 ಶೇಕಡಾ ಹತ್ತಿರ ನೀರು ಹಿಡಿದು ನಿಲ್ಲುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಗಾಳಿ ಒಣಗಿದಾಗ 11, 12ಕ್ಕೆ ಇಳಿಯುತ್ತದೆ. ಒಂದು ಅಡಿ ಅಗಲದ ಹಲಗೆ ಮರದ ಜಾತಿ ನೋಡಿಕೊಂಡು 3ರಿಂದ 5 ಮಿ.ಮೀ. ಸಣ್ಣ ಆಗುತ್ತದೆ. ಮಳೆಗಾಲದಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲಿನ ಹಲಗೆ ಬೇಸಿಗೆಯಲ್ಲಿ ಸಂದು ಬಿಡುವುದು ಇದಕ್ಕೇ. ಬೇಸಿಗೆಯಲ್ಲಿ ಸಂದು ಬಿಡದೆ ಕೂರಿಸಿದ್ದು ಜೂನ್‌ನಲ್ಲಿ ಉಬ್ಬಿ ಚೌಕಟ್ಟನ್ನೇ ತಳ್ಳುತ್ತದೆ. ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಸಡಿಲ ಕೂರಿಸಬೇಕು, ಅಂಟು ಹಚ್ಚಬಾರದು. ಅಳತೆ, ಜೋಡಣೆ, ಅಂಟಿನ ಕೆಲಸ ಆದಷ್ಟು ದೀಪಾವಳಿಯಿಂದ ಹೋಳಿಯವರೆಗೆ ಇಟ್ಟುಕೋ. ಮಳೆಗಾಲದಲ್ಲಿ ಸಾಣೆ ಹಿಡಿಯುವುದು, ಹಿಡಿ ಹಾಕುವುದು, ಕೆತ್ತನೆ, ಮಷಿನ್ ರಿಪೇರಿ.

ಟೇಬಲ್ ಗರಗಸ ಮೊದಲೇ ಬೇಡ ಅಂತ ಫ್ಯೂಸಿನವರು ಹೇಳಿದ್ದು ನನಗೂ ಸರಿ ಕಾಣುತ್ತದೆ. ಒಳ್ಳೆ ಉಳಿ ನಾಲ್ಕು, ಒಂದು ಕೀಸುಳಿ, ಒಂದು ಕೈಗರಗಸ, ಸಾಣೆಕಲ್ಲು, ಮೂಲೆಮಟ್ಟ, ಗಟ್ಟಿ ವೈಸ್. ಕೈಯಲ್ಲಿ ಹಿಡಿಯುವ ಡ್ರಿಲ್. ಇಷ್ಟರಲ್ಲೇ ಬೆಂಚು ಮಾಡಬಹುದು.

ಹುಲೇಕಲ್ ಕಡೆಯವ

ಸರಿ, ಹಾಗೇ ಮಾಡುತ್ತೇನೆ. ಮಳೆ ನಿಂತ ಮೇಲೆ ನೆಲ ಅಗೆಯುವ ಕೆಲಸ ಮೊದಲು, ಆಮೇಲೆ ಗಟಾರ, ಹಂಚು. ಕೇಬಲ್ ಅದರ ಜೊತೆಗೇ ಹೂಳಿಸುತ್ತೇನೆ. ಗೊಬ್ಬರದ ಚೀಲ ಎಲ್ಲ ಈಗಲೇ ಹೊರಗೆ ಹೋಯಿತು ಅಕ್ಕಾ. ಹಲಸು ಒಣಗುವವರೆಗೆ ಹಳೇ ಹಲಗೆ ಜೋಡಿಸಿ ಒಂದು ಬೆಂಚು ಮಾಡಿಕೊಳ್ಳುತ್ತೇನೆ. ಬೆಂಚು ಎಷ್ಟು ಎತ್ತರ ಇರಬೇಕು, ಎಲ್ಲಿ ಇಡಬೇಕು?

ಉಳಿ ಸುತ್ತಿಗೆ (ಸಿದ್ದಾಪುರ)

ನೇರ ನಿಂತು ಕೈ ಇಳಿಬಿಡು. ಮಣಿಕಟ್ಟು ಎಲ್ಲಿ ಬರುತ್ತದೋ ಅಷ್ಟು ಎತ್ತರ. ಹೆಚ್ಚಿನವರಿಗೆ 32ರಿಂದ 34 ಇಂಚು ಬರುತ್ತದೆ. ಕೀಸುಳಿ ಹೊಡೆಯುವಾಗ ಮೈಯ ಭಾರ ಮೇಲಿಂದ ಬೀಳಬೇಕು, ಎತ್ತರ ಆದರೆ ಭುಜ ನೋಯುತ್ತದೆ. ಕಬ್ಬಿಣದ ವೈಸ್ ಇದರ ಮೇಲೆ ಬೇಡ. ಅದಕ್ಕೆ ಬೇರೆ ಒಂದು ಗಟ್ಟಿ ಕಂಬ, ವೈಸಿನ ಬಾಯಿ ಮೊಣಕೈ ಎತ್ತರಕ್ಕೆ ಬರಲಿ, ಅರ ಉಜ್ಜಲು ಅದು ಸರಿ. ಅದನ್ನು ಅಕ್ಕ ಹೇಳಿದ ಜಗಲಿಯಲ್ಲಿ ಹೂಳು.

ಬೆಂಚನ್ನು ಬಡಗಣ ಗೋಡೆಗೆ ತಾಗಿಸಿ ಇಡು, ಗಾಜಿನ ಹಂಚಿನ ಅಡಿಗೆ. ಎಡಗಡೆ ಉದ್ದಕ್ಕೆ ಜಾಗ ಬಿಡು, ಹತ್ತು ಅಡಿಯ ರೀಪು ಕೂಡ ಅಡ್ಡಿ ಇಲ್ಲದೆ ಬರಬೇಕು. ಕಾಲಿನ ಕೆಳಗೆ ಒಂದೊಂದು ಕಲ್ಲಿನ ಚೂರು ಕೊಡು, ಮರ ನೇರ ನೆಲಕ್ಕೆ ತಾಗುವುದು ಬೇಡ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುವ ದಿನ ಫೋಟೋ ಹಾಕು, ಜೋಡಣೆ ನೋಡಿ ಹೇಳುತ್ತೇನೆ.